ಏಳನೇ ತಿಂಗಳಿಗೆ ಮಗು ತಿರುಗಲೇಬೇಕಾ? ಪೋಸ್ಟರ್‌ಗೆ ಸರಿಯಾದ ಒಂದು ಸಾಲು ಬೇಕು

ಗೋಡೆಬರಹ
ತಾಯಂದಿರ ಸಭೆಗೆ ಗೋಡೆಗೆ ಹಚ್ಚೋ ಪೋಸ್ಟರ್ ತಯಾರಾಗ್ತಿದೆ. ಕರಡಿನಲ್ಲಿ ಹೀಗಿದೆ: "ಏಳನೇ ತಿಂಗಳಲ್ಲಿ ಮಗು ತಲೆ ಕೆಳಗಾಗಿ ತಿರುಗುತ್ತದೆ. ತಿರುಗದಿದ್ದರೆ ಆಪರೇಷನ್." ಎರಡನೇ ವಾಕ್ಯ ಹೊಡೆದು ಹಾಕೋದು ಅಂತ ಆಗಲೇ ತೀರ್ಮಾನ ಆಗಿದೆ. ತಕರಾರು ಇರೋದು ಮೊದಲನೇದರ ಮೇಲೆ. ಯಾವ ವಾರದವರೆಗೆ ಕಾಯಬಹುದು, ಅಷ್ಟಕ್ಕೂ ಮಗು ಯಾಕೆ ತಿರುಗುತ್ತೆ, ತಿರುಗಿದೆ ಅಂತ ಕೈಯಲ್ಲಿ ಮುಟ್ಟಿ ಹೇಗೆ ಗೊತ್ತಾಗುತ್ತೆ? ಗೊತ್ತಿರೋರು ವಾರ, ಅಂಕಿ ಸಮೇತ ಹೇಳಿ. ಪೋಸ್ಟರಲ್ಲಿ ಜಾಗ ಇರೋದು ಎಂಟೇ ಸಾಲು.

ರಾತ್ರಿಪಾಳಿ
ಮೊದಲು 'ತಿಂಗಳು' ಅನ್ನೋ ಪದ ತೆಗೀರಿ. "ಏಳು ತುಂಬಿ ಎಂಟಕ್ಕೆ ಬಿತ್ತು" ಅಂದ್ರೆ ಒಬ್ಬರ ಲೆಕ್ಕದಲ್ಲಿ 28 ವಾರ, ಇನ್ನೊಬ್ಬರದ್ದರಲ್ಲಿ 31. ಆ ಮೂರು ವಾರದಲ್ಲೇ ಎಷ್ಟೋ ಮಕ್ಕಳು ತಿರುಗಿಬಿಡ್ತವೆ. ಕೊನೇ ಮುಟ್ಟಿನ ಮೊದಲ ದಿನದಿಂದ 280 ದಿನ, 40 ವಾರ. ತಾಯಿ ಕಾರ್ಡ್ ನೋಡಿ ವಾರದಲ್ಲೇ ಮಾತಾಡಿ.

ಈಗ ಅಂಕಿ. 28 ವಾರಕ್ಕೆ ನೂರರಲ್ಲಿ 20ರಿಂದ 25 ಮಕ್ಕಳು ಕುಂಡೆ ಕೆಳಗೆ, ಅಂದ್ರೆ ಬ್ರೀಚ್. 32ಕ್ಕೆ ಹತ್ತರಲ್ಲೊಂದರ ಆಸುಪಾಸು. ದಿನ ತುಂಬೋ ಹೊತ್ತಿಗೆ ನೂರಕ್ಕೆ 3-4. ಅಂದ್ರೆ 28ರಲ್ಲಿ ಬ್ರೀಚ್ ಅಂತ ಕಂಡ ಆರೇಳು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಕೊನೇವರೆಗೂ ಹಾಗೇ ಉಳಿಯುತ್ತೆ.

ಧಾರ್ವಾಡಪೇಡೆ
ಹಂಗಾರ 28ಕ್ಕ ರಿಪೋರ್ಟಿನ್ಯಾಗ 'ಬ್ರೀಚ್' ಅಂತ ದಪ್ಪ ಅಕ್ಷರದಾಗ ಬರಿಯೋದ್ ಯಾಕ್ರೀ? ಮಂದಿನ್ನ ಹೆದರ್ಸಾಕ?

ಸ್ಕ್ಯಾನ್‌ರೂಮ್
ಹೆದರ್ಸೋಕಲ್ಲ. ಆ ಹತ್ತು ನಿಮಿಷ ಮಗು ಹೇಗಿತ್ತೋ ಅದನ್ನ ಬರೀತೀವಿ. ಅದು ಭವಿಷ್ಯ ಅಲ್ಲ, ಫೋಟೋ. 20 ವಾರದ ಸ್ಕ್ಯಾನ್‌ನಲ್ಲಂತೂ ಬೆಳಿಗ್ಗೆ ಅಡ್ಡ, ಮಧ್ಯಾಹ್ನ ಉದ್ದ ಇರಬಹುದು. ಮುನ್ನೂರು ಗ್ರಾಂ ಚಿಲ್ಲರೆ ತೂಕದ ಮಗು, ಸುತ್ತ ಬೇಕಾದಷ್ಟು ನೀರು. ಅದಕ್ಕೇ ಬಹಳ ಕಡೆ 'ಪ್ರೆಸೆಂಟೇಶನ್ ವೇರಿಯಬಲ್' (ಭಂಗಿ ಬದಲಾಗ್ತಿರುತ್ತೆ) ಅಂತ ಬರೆದು ಬಿಟ್ಟುಬಿಡ್ತಾರೆ.

ರಿಪೋರ್ಟ್ ಓದೋರಿಗೆ ನಾಲ್ಕು ಪದ ಗೊತ್ತಿದ್ರೆ ಅರ್ಧ ಗಾಬರಿ ಇಳಿಯುತ್ತೆ. 'ಲೈ' ಅಂದ್ರೆ ಮಗು ಉದ್ದಕ್ಕಿದೆಯೋ, ಅಡ್ಡಕ್ಕೋ, ಓರೆಯೋ. 'ಪ್ರೆಸೆಂಟೇಶನ್' ಅಂದ್ರೆ ಕೆಳಗಡೆ ಬಾಗಿಲ ಹತ್ತಿರ ಇರೋದು ತಲೆಯೋ, ಕುಂಡೆಯೋ, ಭುಜವೋ. 'ಪೊಸಿಷನ್' ಅಂದ್ರೆ ಆ ಭಾಗ ತಾಯಿಯ ಎಡಕ್ಕೋ ಬಲಕ್ಕೋ, ಮುಂದಕ್ಕೋ ಹಿಂದಕ್ಕೋ. 'ಆಟಿಟ್ಯೂಡ್' ಅಂದ್ರೆ ಕತ್ತು ಬಗ್ಗಿಸಿ ಗಲ್ಲ ಎದೆಗೆ ಒತ್ತಿಕೊಂಡಿದೆಯೋ, ಎತ್ತಿಕೊಂಡಿದೆಯೋ. ಜನ ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ 'ಮಗು ಸರಿಯಾಗಿ ಕೂತಿಲ್ಲ' ಅಂದುಬಿಡ್ತಾರೆ.

ತರ್ಕಮಾಸ್ತರ
ಯಾಕೆ ತಿರುಗುತ್ತೆ ಅನ್ನೋದಕ್ಕೆ ಉತ್ತರ ಸುಲಭ. ತಲೆ ಭಾರ. ಭಾರ ಇರೋದು ಕೆಳಗೆ ಹೋಗುತ್ತೆ. ಇದಕ್ಕೆ ಇಷ್ಟು ಚರ್ಚೆ ಬೇಕಾ?

ರಾತ್ರಿಪಾಳಿ
ಅಷ್ಟು ಸುಲಭ ಆಗಿದ್ರೆ 28 ವಾರಕ್ಕೇ ಎಲ್ಲವೂ ತಲೆಕೆಳಗಾಗಬೇಕಿತ್ತು. ಆಗ ಮೈಗೆ ಹೋಲಿಸಿದ್ರೆ ತಲೆ ಇನ್ನೂ ದೊಡ್ಡದು, ತೇಲೋಕೆ ನೀರೂ ಧಾರಾಳ. ಹಾಗಾಗಲ್ವಲ್ಲ?

ಪಠ್ಯದಲ್ಲಿ ಹೆಚ್ಚು ಒಪ್ಪಿಗೆಯಿರೋ ವಿವರಣೆ ಜಾಗದ್ದು. ಗರ್ಭಕೋಶ ತಲೆಕೆಳಗಾದ ಪೇರಳೆ ಇದ್ದ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು. ಕೊನೇ ತಿಂಗಳುಗಳಲ್ಲಿ ಮಗು ಬೆಳೀತಾ ಹೋಗುತ್ತೆ. ನೀರು 34-36 ವಾರದ ಹೊತ್ತಿಗೆ 800 ಮಿಲಿಯಿಂದ ಒಂದು ಲೀಟರ್ ಮುಟ್ಟಿ ಆಮೇಲೆ ಇಳೀತಾ ಬರುತ್ತೆ. ಜಾಗ ಬಿಗಿಯಾದಾಗ ಮಡಚಿದ ತೊಡೆ, ಕಾಲು, ಕುಂಡೆ ಎಲ್ಲ ಸೇರಿದ ಗಂಟು ತಲೆಗಿಂತ ದೊಡ್ಡದು. ಆ ಗಂಟು ಮೇಲಿನ ಅಗಲ ಜಾಗ ಹಿಡಿಯುತ್ತೆ, ತಲೆ ಕೆಳಗೆ ಬರುತ್ತೆ. ಸಾಕ್ಷಿ ಬೇಕಾ? ತಲೆಯಲ್ಲಿ ನೀರು ತುಂಬಿ ಬುರುಡೆ ಹಿಗ್ಗಿದ ಮಕ್ಕಳಲ್ಲಿ ಬ್ರೀಚ್ ಜಾಸ್ತಿ. ನಿಮ್ಮ ಲೆಕ್ಕದಲ್ಲಿ ಆ ಭಾರದ ತಲೆ ಕೆಳಗೇ ಇರಬೇಕಿತ್ತು. ಆದ್ರೆ ಅದು ಅಗಲ ಜಾಗ ಹುಡುಕಿ ಮೇಲೆ ಕೂರುತ್ತೆ.

ತರ್ಕಮಾಸ್ತರ
ಸರಿ, ಭಾರದ ವಾದ ವಾಪಸ್ ತಗೊಂಡೆ. ಆದ್ರೆ ತಿರುಗಿಸೋ ಕೈ ಯಾವುದು? ಜಾಗ ಬಿಗಿ ಆದ್ರೆ ಸಾಲದು, ಯಾರಾದ್ರೂ ತಳ್ಳಬೇಕು.

ಬಸಿರುಬರಹ
ಮಗುವೇ. ಒದೀತಾ ಒದೀತಾ ತಿರುಗುತ್ತೆ. ಅದಕ್ಕೇ ಸ್ನಾಯುಗಳ ತೊಂದರೆಯಿಂದ ಕೈಕಾಲು ಆಡಿಸದ ಮಕ್ಕಳು ಬ್ರೀಚ್ ಆಗೇ ಉಳಿಯೋದು ಹೆಚ್ಚು. ಇನ್ನೊಂದು, ಎರಡೂ ಕಾಲು ನೆಟ್ಟಗೆ ಮುಖದವರೆಗೆ ಚಾಚಿದ ಮಗುವಿಗೆ ಆ ಕಾಲುಗಳೇ ಬೆನ್ನಿಗೆ ಕಟ್ಟಿದ ದಬ್ಬೆ ಆಗಿಬಿಡ್ತವೆ. ಮೈ ಬಗ್ಗಿಸಿ ಪಲ್ಟಿ ಹೊಡಿಯೋಕೆ ಆಗಲ್ಲ. ದಿನ ತುಂಬಿದ ಬ್ರೀಚ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಥರ, ಫ್ರ್ಯಾಂಕ್ ಬ್ರೀಚ್. ಚಕ್ಕಳಮಕ್ಕಳ ಹಾಕಿ ಕೂತಂತಿರೋದು ಕಂಪ್ಲೀಟ್. ಒಂದೋ ಎರಡೋ ಪಾದ ಕೆಳಗಿಳಿದಿರೋದು ಫುಟ್‌ಲಿಂಗ್. ಈ ಮೂರನೇದೇ ಹೆಚ್ಚು ಕಾಟ ಕೊಡೋದು.

ತಡೆಯೋ ಕಾರಣಗಳೂ ಇವೆ. ಮಾಸು ಕೆಳಗಡೆ ಅಂಟಿರೋದು, ಗರ್ಭಕೋಶದ ನಡುವೆ ಗೋಡೆ ಅಥವಾ ಎರಡು ಕೊಂಬಿನ ಆಕಾರ, ಕೆಳಭಾಗದಲ್ಲಿ ಫೈಬ್ರಾಯ್ಡ್ ಗಡ್ಡೆ, ನೀರು ತೀರಾ ಕಡಿಮೆ ಅಥವಾ ತೀರಾ ಹೆಚ್ಚು, ಅವಳಿ. ಬಹಳ ಸಲ ಯಾವ ಕಾರಣವೂ ಸಿಗಲ್ಲ. ಆದ್ರೆ 36 ವಾರಕ್ಕೂ ಬ್ರೀಚ್ ಇದ್ರೆ ಸ್ಕ್ಯಾನ್‌ನಲ್ಲಿ ಈ ಪಟ್ಟಿ ಒಮ್ಮೆ ನೋಡಿಸಲೇಬೇಕು.

ಕೊಟ್ಟಿಗೆಮನೆ
ವಿಷಯ ಬಿಟ್ಟು ಒಂದು ಮಾತು. 'ಕಾಲು ಮುಂದು' ಅಂದ್ರೆ ಮನುಷ್ಯರಿಗೆ ಗಾಬರಿ, ದನಕ್ಕೆ ಅದೇ ಸರಿ. ಕರು ಹುಟ್ಟೋದು ಮುಂಗಾಲೆರಡು ಮುಂದೆ ಚಾಚಿ, ಮೂತಿ ಮಂಡಿ ಮೇಲಿಟ್ಟು. ಕಾಲು ಕಂಡ ತಕ್ಷಣ ಎಳೆಯೋ ಮೊದಲು ಗೊರಸಿನ ಅಂಗಾಲು ನೋಡಬೇಕು. ಕೆಳಮುಖ ಇದ್ರೆ ಸಾಮಾನ್ಯವಾಗಿ ಮುಂಗಾಲು, ಮೇಲ್ಮುಖ ಇದ್ರೆ ಹಿಂಗಾಲು. ಅನುಮಾನ ಬಂದ್ರೆ ಗೊರಸಿಂದ ಮೇಲಕ್ಕೆ ಎರಡು ಕೀಲು ಮುಟ್ಟಬೇಕು. ಎರಡೂ ಒಂದೇ ಕಡೆ ಮಡಚಿದ್ರೆ ಮುಂಗಾಲು, ಒಂದೊಂದು ಒಂದೊಂದು ಕಡೆ ಮಡಚಿದ್ರೆ ಹಿಂಗಾಲು.

ಧಾರ್ವಾಡಪೇಡೆ
ಪೋಸ್ಟರಿನ್ಯಾಗ ಇದೊಂದ್ ಬಾಕಿ ಇತ್ತ್ ನೋಡ್ರಿ 😄

ಕೊಟ್ಟಿಗೆಮನೆ
ನಗಬೇಡಿ. ಅಳತೆ ಬೇರೆ ಅಷ್ಟೇ. ಕರುವಿನ ತಲೆ ಉದ್ದ, ಕಿರಿದು, ಆಣಿ ಥರ ನುಸುಳುತ್ತೆ. ಮನುಷ್ಯ ಮಗುವಿಗೆ ತಲೆಯೇ ಎಲ್ಲಕ್ಕಿಂತ ದೊಡ್ಡ ಗಟ್ಟಿ ಭಾಗ.

ಕಡಲತಡಿ
ಮಾರಾಯ್ರೆ, ಕೈಯಲ್ಲಿ ಮುಟ್ಟಿ ಗೊತ್ತಾಗೋದು ಹೇಗೆ ಅಂತ ಕೇಳಿದ್ದು ಉಂಟಲ್ಲ, ಅದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ರಾತ್ರಿಪಾಳಿ
ಲಿಯೋಪೋಲ್ಡ್ ಹಿಡಿತಗಳು, ನಾಲ್ಕಿವೆ. ತಪ್ಪಾಗೋದೂ ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲು ಮೂತ್ರ ಮಾಡಿ ಬರಬೇಕು. ತುಂಬಿದ ಮೂತ್ರಕೋಶ ಕೈಗೆ ತಲೆಯ ಥರವೇ ಸಿಗುತ್ತೆ. ಅಂಗಾತ ಮಲಗಿ ಮಂಡಿ ಸ್ವಲ್ಪ ಮಡಚಿದ್ರೆ ಹೊಟ್ಟೆ ಸಡಿಲ. ಪರೀಕ್ಷೆ ಮಾಡೋರ ಕೈ ಬೆಚ್ಚಗಿರಬೇಕು, ತಣ್ಣಗಿದ್ರೆ ಗರ್ಭಕೋಶ ಬಿಗಿದುಕೊಳ್ಳುತ್ತೆ. ನೋವಿನ ಅಲೆ ಬಂದಾಗ ನಿಲ್ಲಿಸಿ ಕಾಯಬೇಕು.

ಮೊದಲ ಹಿಡಿತ ಗರ್ಭಕೋಶದ ನೆತ್ತಿಯಲ್ಲಿ, ಎರಡೂ ಅಂಗೈಯಿಂದ. ಅಲ್ಲಿ ಸಿಕ್ಕಿದ್ದು ಗುಂಡಗೆ, ಗಟ್ಟಿಯಾಗಿದ್ದು, ಒಂದು ಕಡೆ ಮೆತ್ತಗೆ ತಟ್ಟಿದ್ರೆ ನೀರಲ್ಲಿ ತೇಲೋ ತೆಂಗಿನಕಾಯಿ ಥರ ಆಚೆ ಹೋಗಿ ವಾಪಸ್ ಬಂದು ಕೈಗೆ ಬಡಿದರೆ ಅದು ತಲೆ, ಅಂದ್ರೆ ಮಗು ಬ್ರೀಚ್. ಕತ್ತು ಇರೋದ್ರಿಂದ ತಲೆ ಒಂದೇ ಅಲ್ಲಾಡುತ್ತೆ. ಮೆತ್ತಗೆ, ಅಗಲವಾಗಿ, ಅಲ್ಲಾಡಿಸಿದ್ರೆ ಇಡೀ ಮೈಯೇ ಜೊತೆಗೆ ಬಂದ್ರೆ ಅದು ಕುಂಡೆ.

ಎರಡನೇದು ಹೊಕ್ಕುಳ ಅಕ್ಕಪಕ್ಕ. ಒಂದು ಕೈ ಆಧಾರ ಕೊಡಬೇಕು, ಇನ್ನೊಂದು ಹುಡುಕಬೇಕು. ಉದ್ದಕ್ಕೆ ಹಲಗೆ ಥರ ಸಿಕ್ಕಿದ್ದು ಬೆನ್ನು, ಗಂಟುಗಂಟಾಗಿ ಸಿಕ್ಕಿ ಜಾರಿಕೊಳ್ಳೋದು ಕೈಕಾಲು. ಮೂರನೇದು ಪಾವ್ಲಿಕ್ ಹಿಡಿತ, ಒಂದೇ ಕೈಯ ಹೆಬ್ಬೆರಳು ಮತ್ತು ಉಳಿದ ಬೆರಳಿಂದ ಕಿಬ್ಬೊಟ್ಟೆಯ ಮೂಳೆ ಮೇಲೆ ಹಿಡಿದು ಕೆಳಗಿರೋ ಭಾಗ ಆಡುತ್ತೋ ಕೂತಿದೆಯೋ ನೋಡೋದು. ಇದನ್ನ ಒರಟಾಗಿ ಮಾಡಿದ್ರೆ ನೋವಾಗುತ್ತೆ, ಆ ಹೆಂಗಸು ಹೊಟ್ಟೆ ಬಿಗಿ ಹಿಡೀತಾಳೆ, ಮುಂದೆ ಏನೂ ಸಿಗಲ್ಲ. ನಾಲ್ಕನೇದರಲ್ಲಿ ಪರೀಕ್ಷಿಸೋರು ತಾಯಿಯ ಕಾಲಿನ ಕಡೆ ಮುಖ ಮಾಡಿ, ಎರಡೂ ಕೈ ಇಳಿಬಿಟ್ಟು ತಲೆ ಎಷ್ಟು ಇಳಿದಿದೆ ಅಂತ ಅಳೀತಾರೆ.

ಕೊನೆಗೆ ಎದೆಬಡಿತ. ತಲೆ ಕೆಳಗಿದ್ರೆ ಹೊಕ್ಕುಳ ಕೆಳಗೆ ಚೆನ್ನಾಗಿ ಕೇಳುತ್ತೆ. ಬ್ರೀಚ್ ಆದ್ರೆ ಹೊಕ್ಕುಳ ಮಟ್ಟದಲ್ಲೋ ಮೇಲೋ.

ಸ್ಕ್ಯಾನ್‌ರೂಮ್
ಹೌದು, ಆದ್ರೂ ಕೈ ಮೋಸ ಹೋಗುತ್ತೆ. ಫ್ರ್ಯಾಂಕ್ ಬ್ರೀಚ್ ಕೆಳಗಿಳಿದು ಗಟ್ಟಿಯಾಗಿ ಕೂತ್ರೆ ಕುಂಡೆಯೇ ಇಳಿದ ತಲೆಯ ಹಾಗೆ ಸಿಗುತ್ತೆ. ಮೇಲಿನ ತಲೆ ಪಕ್ಕೆಲುಬಿನ ಕೆಳಗೆ ಅಡಗಿರುತ್ತೆ. ಮುಂದುಗಡೆ ಗೋಡೆಗೆ ಅಂಟಿದ ಮಾಸು, ದಪ್ಪ ಹೊಟ್ಟೆ, ಹೆಚ್ಚು ನೀರು ಇದ್ರಂತೂ ಕೇಳಲೇಬೇಡಿ. ಅನುಮಾನ ಇದ್ರೆ 36 ವಾರಕ್ಕೆ ಪ್ರೋಬ್ ಇಟ್ಟು ನೋಡೋದು ಎರಡು ನಿಮಿಷದ ಕೆಲಸ.

ಮಕ್ಕಳವಾರ್ಡ್
ಒಂದು ಚಿಕ್ಕ ತಿದ್ದುಪಡಿ, ತಿದ್ದುಪಡಿ ಅನ್ನೋದಕ್ಕಿಂತ ಎಚ್ಚರಿಕೆ. ಹೊಟ್ಟೆ ಹಿಡಿಯೋ ಪಾವ್ಲಿಕ್ ಬೇರೆ, ಮಗುವಿನ ಸೊಂಟಕ್ಕೆ ಪಟ್ಟಿ ಕಟ್ಟೋ ಪಾವ್ಲಿಕ್ ಬೇರೆ. ಇಬ್ಬರೂ ಚೆಕ್ ವೈದ್ಯರು, ಕನ್ನಡದಲ್ಲಿ ಬರೆದ್ರೆ ಒಂದೇ ಕಾಗುಣಿತ. ಬ್ರೀಚ್ ವಿಷಯದಲ್ಲಿ ಇಬ್ಬರೂ ಬರೋದ್ರಿಂದ ಗೊಂದಲ ಗ್ಯಾರಂಟಿ. ಪಟ್ಟಿ ವಿಷಯ ಆಮೇಲೆ ಹೇಳ್ತೀನಿ.

ಅಮ್ಮನಾಗುವೆ
ಸ್ಕ್ಯಾನು, ಹಿಡಿತ ಏನೂ ಇಲ್ಲದೆ ತಾಯಿಗೇ ಗೊತ್ತಾಗುತ್ತಾ?

ಬಸಿರುಬರಹ
ಅಂದಾಜು ಸಿಗುತ್ತೆ, ಖಾತ್ರಿ ಅಲ್ಲ. ತಲೆ ಕೆಳಗಿದ್ರೆ ಜೋರು ಒದೆತ ಪಕ್ಕೆಲುಬಿನ ಹತ್ತಿರ, ಬಿಕ್ಕಳಿಕೆಯ ತಾಳ ಕಿಬ್ಬೊಟ್ಟೆಯಲ್ಲಿ. ಬ್ರೀಚ್ ಆದ್ರೆ ಒದೆತ ಕೆಳಗೆ ಮೂತ್ರಕೋಶಕ್ಕೆ, ಎದೆಗೂಡಿನ ಕೆಳಗೆ ಏನೋ ಗುಂಡಗೆ ಒತ್ತಿದ ಹಾಗೆ. ಅಡ್ಡ ಇದ್ರೆ ಹೊಟ್ಟೆ ಅಗಲಕ್ಕೆ ಹರಡಿರುತ್ತೆ, ವಾರಕ್ಕೆ ತಕ್ಕ ಎತ್ತರ ಇರಲ್ಲ. 24ರಿಂದ 36 ವಾರದವರೆಗೆ ಟೇಪಿನ ಸೆಂಟಿಮೀಟರ್ ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ, ಎರಡು ಆಚೆ ಈಚೆ.

ಒದೆತ ಎಲ್ಲಿ ಅನ್ನೋದಕ್ಕಿಂತ ಒದೆತ ಇದೆಯಾ ಅನ್ನೋದು ಮುಖ್ಯ. "ಕೊನೇಲಿ ಜಾಗ ಇಲ್ಲ, ಅದಕ್ಕೆ ಮಗು ಆಡೋದು ಕಡಿಮೆ" ಅನ್ನೋ ಮಾತು ತಪ್ಪು. ಆಟದ ರೀತಿ ಬದಲಾಗಬಹುದು, ಆಟ ಕಮ್ಮಿ ಆಗಬಾರದು. ಕಮ್ಮಿ ಅನ್ನಿಸಿದ್ರೆ ಅದೇ ದಿನ ಆಸ್ಪತ್ರೆ.

ಹಳೆಬೇರು
ಬಲಗಡೆ ಒತ್ತಿದ್ರೆ ಗಂಡು, ಎಡಗಡೆ ಒತ್ತಿದ್ರೆ ಹೆಣ್ಣು ಅಂತಾರಲ್ಲ, ಬೆನ್ನು ಯಾವ ಕಡೆ ಅಂತ ಗೊತ್ತಾದ್ರೆ ಸಾಕಲ್ವಾ?

ನಿರ್ವಾಹಕ
ಇಂಥ ಪ್ರಶ್ನೆ ಇಲ್ಲಿ ಬೇಡ. ಬೆನ್ನಿನ ದಿಕ್ಕಿಗೂ ಲಿಂಗಕ್ಕೂ ಸಂಬಂಧ ಇಲ್ಲ. ಲಿಂಗ ಪತ್ತೆ 1994ರ ಕಾಯ್ದೆ ಪ್ರಕಾರ ಅಪರಾಧ. ಇದರ ಕೆಳಗೆ ಬಂದ ಐದು ಉತ್ತರ ತೆಗೆದಿದ್ದೇನೆ.

ರಾತ್ರಿಪಾಳಿ
ಎಡ-ಬಲದಿಂದ ಗೊತ್ತಾಗೋದು ಬೇರೆ. ತಲೆಯ ಹಿಂಭಾಗ ತಾಯಿಯ ಮುಂದಕ್ಕಿದ್ರೆ ದಾರಿ ಸಲೀಸು. ಬೆನ್ನೆಲುಬಿನ ಕಡೆಗಿದ್ರೆ, ಅಂದ್ರೆ ಮಗು ಆಕಾಶ ನೋಡ್ತಾ ಇದ್ರೆ, ಸೊಂಟದ ಹಿಂದೆ ನೋವು ಹೆಚ್ಚು, ಹೆರಿಗೆ ನಿಧಾನ. ಇದು ಆಕ್ಸಿಪಿಟೋ ಪೋಸ್ಟೀರಿಯರ್, ಬಾಯಿಮಾತಲ್ಲಿ ಓಪಿ. ಕಣ್ಣಲ್ಲಿ ನೋಡಿದ್ರೂ ಸುಳಿವು ಸಿಗುತ್ತೆ, ಹೊಕ್ಕುಳ ಕೆಳಗೆ ತಟ್ಟೆ ಥರ ತಗ್ಗು. ಅಲ್ಲಿ ಬೆನ್ನಿನ ಬದಲು ಕೈಕಾಲು ಇರೋದ್ರಿಂದ. ನೋವು ಶುರುವಾಗುವಾಗ ನೂರಕ್ಕೆ 15-20 ಮಕ್ಕಳು ಹೀಗಿರ್ತವೆ, ಹುಟ್ಟೋ ಹೊತ್ತಿಗೆ 5ರಷ್ಟು ಮಾತ್ರ. ಉಳಿದವು ಒಳಗೇ 135 ಡಿಗ್ರಿ ತಿರುಗಿ ಬರ್ತವೆ. ಬಲಗಡೆ ಓಪಿ ಎಡಗಡೆಗಿಂತ ಹೆಚ್ಚು, ಗರ್ಭಕೋಶವೇ ಸ್ವಲ್ಪ ಬಲಕ್ಕೆ ವಾಲಿರುತ್ತೆ.

ತರ್ಕಮಾಸ್ತರ
ತಲೆ ಕೆಳಗಿದ್ರೆ ಸಾಕು ಅಂದ್ಕೊಂಡಿದ್ದೆ. ಅದರೊಳಗೂ ತಿರುವುಗಳಾ!

ರಾತ್ರಿಪಾಳಿ
ಎಲ್ಲ ಸೆಂಟಿಮೀಟರ್ ಆಟ. ಸೊಂಟದ ಗೂಡಿನ ಮೇಲಿನ ಬಾಯಿ ಅಡ್ಡಕ್ಕೆ 13, ಮುಂದಿಂದ ಹಿಂದಕ್ಕೆ 11. ಕೆಳಗಿನ ಬಾಯಿಯಲ್ಲಿ ಉಲ್ಟಾ, ಅಡ್ಡಕ್ಕೆ 11, ಮುಂದಿಂದ ಹಿಂದಕ್ಕೆ 13. ಅದಕ್ಕೇ ಮಗು ಅಡ್ಡ ಮುಖ ಮಾಡಿ ಒಳಗೆ ಹೋಗಿ, ತಿರುಗಿ ಹೊರಗೆ ಬರಬೇಕು. ಕಿರಿದಾದ ಬಾಗಿಲಲ್ಲಿ ಮಂಚ ಸಾಗಿಸಿದ ಹಾಗೆ. ಕತ್ತು ಪೂರ್ತಿ ಬಗ್ಗಿಸಿದ್ರೆ ತಲೆ ಒಡ್ಡೋ ಅಳತೆ 9.5. ಅರ್ಧ ಎತ್ತಿದ್ರೆ 11.5. ಹಣೆ ಮುಂದಾದ್ರೆ 13.5ರ ಮೇಲೆ, ದಿನ ತುಂಬಿದ ಮಗುವಿಗೆ ಆ ಭಂಗಿಯಲ್ಲೇ ದಾರಿ ಇಲ್ಲ.

ಅಮ್ಮನಾಗುವೆ
37 ವಾರ, ತಲೆ ಕೆಳಗೇ ಇದೆ, ಆದ್ರೆ 'ಫಿಕ್ಸ್ ಆಗಿಲ್ಲ' ಅಂದ್ರೆ?

ಬಸಿರುಬರಹ
ತಲೆಯನ್ನ ಐದು ಬೆರಳಾಗಿ ಲೆಕ್ಕ ಹಾಕ್ತಾರೆ. ಐದೂ ಬೆರಳಿನಷ್ಟು ಹೊಟ್ಟೆಯಲ್ಲೇ ಸಿಕ್ಕಿದ್ರೆ ತೇಲ್ತಿದೆ. ಎರಡೋ ಅದಕ್ಕಿಂತ ಕಡಿಮೆಯೋ ಸಿಕ್ಕಿದ್ರೆ ಗೂಡಿಗೆ ಇಳಿದು ಕೂತಿದೆ. ಮೊದಲ ಬಸಿರಲ್ಲಿ ಸಾಮಾನ್ಯವಾಗಿ ಹೆರಿಗೆಗೆ ಎರಡು ಮೂರು ವಾರ ಮೊದಲು ಇಳಿಯುತ್ತೆ, 'ಹೊಟ್ಟೆ ಇಳೀತು' ಅಂತಾರಲ್ಲ, ಉಸಿರು ಸಲೀಸು, ಮೂತ್ರ ಮಾತ್ರ ಪದೇ ಪದೇ. ಎರಡನೇ, ಮೂರನೇ ಹೆರಿಗೆಯಲ್ಲಿ ನೋವು ಶುರುವಾದ ಮೇಲೇ ಇಳಿದ್ರೂ ಆಶ್ಚರ್ಯ ಇಲ್ಲ. ಮೊದಲ ಬಸಿರಲ್ಲಿ 38 ದಾಟಿಯೂ ತೇಲ್ತಿದ್ರೆ ವಾರದ ಲೆಕ್ಕ ಸರಿಯಿದೆಯಾ, ಮಾಸು ಕೆಳಗಿದೆಯಾ, ಓಪಿ ಇದೆಯಾ, ಗೂಡಿನ ಅಳತೆ ಸಾಲದಾ ಅಂತ ನೋಡ್ತಾರೆ. ಅಷ್ಟೇ, ಅದೊಂದರಿಂದಲೇ ಸಿಸೇರಿಯನ್ ಅಂತ ಅಲ್ಲ.

ಯೋಗನಿದ್ರೆ
ಮಂಡಿಯೂರಿ ಎದೆ ನೆಲಕ್ಕೆ ತಾಗಿಸೋ ಭಂಗಿ ದಿನಕ್ಕೆ ಎರಡು ಸಲ 15 ನಿಮಿಷ ಮಾಡಿದ್ರೆ ಬ್ರೀಚ್ ತಿರುಗೇ ತಿರುಗುತ್ತೆ. ಕಿಬ್ಬೊಟ್ಟೆಗೆ ಟಾರ್ಚ್ ಹಿಡಿದ್ರೆ ಬೆಳಕಿನ ಕಡೆ ತಲೆ ಬರುತ್ತೆ. ಕಾಲಿನ ಕಿರುಬೆರಳಿಗೆ ಶಾಖ ಕೊಡೋ ಚೀನೀ ಪದ್ಧತಿಯೂ ಇದೆ.

ರಾತ್ರಿಪಾಳಿ
'ತಿರುಗೇ ತಿರುಗುತ್ತೆ' ಅನ್ನೋದನ್ನ ಅಳಿಸಿ. 30 ವಾರಕ್ಕೆ ಏನೂ ಮಾಡದೆ ಬಿಟ್ರೂ ಬಹುಪಾಲು ತಿರುಗ್ತವೆ, ಆಗ ಟಾರ್ಚಿಗೂ ಹೆಸರು ಬರುತ್ತೆ. ಭಂಗಿಯಿಂದ ಬ್ರೀಚ್ ಕಡಿಮೆಯಾಗುತ್ತೆ ಅನ್ನೋಕೆ ಪರೀಕ್ಷೆಗಳಲ್ಲಿ ಸಾಕಷ್ಟು ಪುರಾವೆ ಸಿಕ್ಕಿಲ್ಲ. ಶಾಖದ ಪದ್ಧತಿಯ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ. ಓಪಿ ತಪ್ಪಿಸೋಕೆ ಕೊನೇ ವಾರಗಳಲ್ಲಿ ದಿನಾ ಅಂಬೆಗಾಲು ಭಂಗಿ ಮಾಡಿಸಿದ ದೊಡ್ಡ ಪರೀಕ್ಷೆಯೊಂದು 2004ರಲ್ಲಿ ಪ್ರಕಟ ಆಯ್ತು. ಹೆರಿಗೆ ಹೊತ್ತಿಗೆ ವ್ಯತ್ಯಾಸ ಕಾಣಲಿಲ್ಲ. ಬೆನ್ನುನೋವಿಗೆ ಹಿತ ಅನ್ನಿಸಿದ್ರೆ ಮಾಡಲಿ. ಬಿಪಿ ಹೆಚ್ಚಿದ್ರೆ, ರಕ್ತ ಹೋಗ್ತಿದ್ರೆ, ಮಾಸು ಕೆಳಗಿದ್ರೆ ಬೇಡ.

ಹಳೆಬೇರು
ನಮ್ಮ ಸೂಲಗಿತ್ತಿಯರು ಎಣ್ಣೆ ಹಚ್ಚಿ ನೀವಿ ತಿರುಗಿಸ್ತಿರಲಿಲ್ವಾ? ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಯಾವ ಮೆಷಿನ್ ಇತ್ತು?

ಕಡಲತಡಿ
ಅವರ ಕೈಯ ಬಗ್ಗೆ ಯಾರೂ ಎರಡು ಮಾತಾಡೋದಿಲ್ಲ. ಆದ್ರೆ ಅವರ ಹೆಸರು ಹೇಳಿ ಪಕ್ಕದ ಮನೆಯವರ ಹತ್ರ ಹೊಟ್ಟೆ ನೀವಿಸುದು ಬೇಡ ಮಾರಾಯ್ರೆ.

ರಾತ್ರಿಪಾಳಿ
ಅದೇ. ಹೊರಗಿಂದ ಕೈಯಲ್ಲಿ ತಿರುಗಿಸೋದು ಇವತ್ತೂ ಇದೆ, ಹೆಸರು ಇಸಿವಿ. ಹಾಗೇ ಮನೇಲಿ ನೀವಿದ್ರೆ ಮಾಸು ಕಿತ್ತುಕೊಂಡು ಒಳಗೇ ರಕ್ತ ಹೋಗಬಹುದು, ಹೊಕ್ಕುಳಬಳ್ಳಿ ಒತ್ತಿಕೊಂಡು ಎದೆಬಡಿತ ಕುಸಿಯಬಹುದು. ಅದು ಗೊತ್ತಾಗೋಕೆ ಮೆಷಿನ್ ಬೇಕು, ಗೊತ್ತಾದ್ರೆ ಅರ್ಧ ಗಂಟೆಯೊಳಗೆ ಮಗು ತೆಗೆಯೋಕೆ ಆಪರೇಷನ್ ಥಿಯೇಟರ್ ಬೇಕು.

ಆಸ್ಪತ್ರೆಯಲ್ಲಿ ಹೀಗೆ ಮಾಡ್ತಾರೆ. ಮೊದಲ ಬಸಿರಾದ್ರೆ 36 ವಾರದಿಂದ, ಹಿಂದೆ ಹೆತ್ತವರಿಗೆ 37ರಿಂದ. ಅದಕ್ಕಿಂತ ಮೊದಲು ತಿರುಗಿಸಿದ್ರೆ ವಾಪಸ್ ತಿರುಗೋ ಸಾಧ್ಯತೆ ಹೆಚ್ಚು, ಎಡವಟ್ಟಾದ್ರೆ ಮಗು ದಿನ ತುಂಬದ್ದು. ಸ್ಕ್ಯಾನ್ ಮಾಡಿ ಮಗು, ಮಾಸು, ನೀರು ನೋಡ್ತಾರೆ. ಸಿಟಿಜಿ, ಅಂದ್ರೆ ಮಗುವಿನ ಎದೆಬಡಿತ ದಾಖಲಿಸೋ ಮೆಷಿನ್, ಹಾಕಿ ಎದೆಬಡಿತ ಸರಿಯಿದೆ ಅಂತ ಖಾತ್ರಿ ಮಾಡ್ಕೋತಾರೆ. ಗರ್ಭಕೋಶ ಸಡಿಲಿಸೋಕೆ ಟರ್ಬುಟಲಿನ್ 0.25 ಮಿಲಿಗ್ರಾಂ ಚರ್ಮದ ಕೆಳಗೆ. ಎದೆ ಡಬಡಬ, ಕೈ ನಡುಕ ಸ್ವಲ್ಪ ಹೊತ್ತು ಇರುತ್ತೆ. ಹೃದಯದ ಕಾಯಿಲೆ ಇದ್ರೆ ಈ ಔಷಧಿ ಕೊಡಲ್ಲ. ಹೊಟ್ಟೆಗೆ ಜೆಲ್ ಹಚ್ಚಿ, ಮೊದಲು ಕುಂಡೆಯನ್ನ ಗೂಡಿನಿಂದ ಮೇಲೆತ್ತಿ ಪಕ್ಕಕ್ಕೆ ಸರಿಸಬೇಕು. ಇದಾಗದಿದ್ರೆ ಮುಂದಿನದ್ದು ಯಾವುದೂ ಆಗಲ್ಲ. ಆಮೇಲೆ ಇನ್ನೊಂದು ಕೈಯಿಂದ ತಲೆ ಬಗ್ಗಿಸಿ, ಮಗುವಿನ ಮೂಗಿನ ದಿಕ್ಕಿಗೆ ಮುಂಪಲ್ಟಿ. ಆಗದಿದ್ರೆ ಹಿಂಪಲ್ಟಿ ಒಮ್ಮೆ ನೋಡ್ತಾರೆ. ನಡುನಡುವೆ ಎದೆಬಡಿತ ನೋಡ್ತಾನೇ ಇರಬೇಕು. ತಾಯಿ ನೋವು ಅಂದ್ರೆ ನಿಲ್ಲಿಸಬೇಕು. ಒತ್ತಡ ಹಾಕೋದು ಒಟ್ಟು ಹತ್ತು ನಿಮಿಷ ದಾಟಲ್ಲ. ಮುಗಿದ ಮೇಲೆ ಮತ್ತೆ ಸಿಟಿಜಿ. ತಾಯಿ ಆರ್‌ಎಚ್ ನೆಗೆಟಿವ್ ರಕ್ತದ ಗುಂಪಿನವಳಾದ್ರೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ 300 ಮೈಕ್ರೋಗ್ರಾಂ. ಇದನ್ನೇ ಮರೆಯೋದು.

ಯಶಸ್ಸು ಒಟ್ಟಾರೆ ಅರ್ಧಕ್ಕರ್ಧ. ಮೊದಲ ಬಸಿರಲ್ಲಿ ನೂರಕ್ಕೆ 40, ಹಿಂದೆ ಹೆತ್ತವರಲ್ಲಿ 60. ತಕ್ಷಣ ಸಿಸೇರಿಯನ್ ಬೇಕಾಗೋದು ಇನ್ನೂರರಲ್ಲಿ ಒಬ್ಬರಿಗೆ. ಮಾಸು ಬಾಗಿಲಿಗೆ ಅಡ್ಡ ಇದ್ರೆ, ಇತ್ತೀಚೆಗೆ ರಕ್ತ ಹೋಗಿದ್ರೆ, ನೀರು ಒಡೆದಿದ್ರೆ, ಹೊಟ್ಟೆಯಲ್ಲಿ ಅವಳಿ ಇದ್ರೆ, ಸಿಟಿಜಿ ಸರಿ ಇಲ್ಲದಿದ್ರೆ ಮಾಡಲ್ಲ.

ಧಾರ್ವಾಡಪೇಡೆ
ಬಳ್ಳಿ ಕುತ್ಗಿಗೆ ಸುತ್ಗೊಂಡಿದ್ರ? ಅದಕ್ಕs ತಿರುಗವಲ್ದು ಅಂತ ಎಲ್ಲಾರೂ ಹೇಳ್ತಾರ.

ಸ್ಕ್ಯಾನ್‌ರೂಮ್
ಹುಟ್ಟುವಾಗ ನಾಲ್ಕರಲ್ಲೊಂದರ ಆಸುಪಾಸು ಮಕ್ಕಳ ಕತ್ತಿಗೆ ಬಳ್ಳಿ ಸುತ್ತಿರುತ್ತೆ, ಬಹುಪಾಲು ಸಡಿಲ, ಬೆರಳಲ್ಲಿ ಎತ್ತಿ ತಲೆ ಮೇಲಿಂದ ದಾಟಿಸ್ತಾರೆ. ಸ್ಕ್ಯಾನ್‌ನಲ್ಲಿ ಒಂದು ಸುತ್ತು ಕಂಡ್ರೆ ಅದೊಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ.

ತರ್ಕಮಾಸ್ತರ
ಸರಿ, 39ಕ್ಕೂ ಬ್ರೀಚ್. ಸಿಸೇರಿಯನ್ನೇ ಗತಿನಾ? ಮೊದಲೆಲ್ಲ ಸಹಜವಾಗೇ ಆಗ್ತಿತ್ತಲ್ಲ.

ಬಸಿರುಬರಹ
2000ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಟರ್ಮ್ ಬ್ರೀಚ್ ಟ್ರಯಲ್ ಇದರ ದಿಕ್ಕೇ ಬದಲಿಸ್ತು. 26 ದೇಶ, 2,083 ತಾಯಂದಿರು. ಮಗುವಿನ ಸಾವು ಅಥವಾ ಗಂಭೀರ ತೊಂದರೆ ಯೋಜಿತ ಸಿಸೇರಿಯನ್ ಗುಂಪಲ್ಲಿ ನೂರಕ್ಕೆ 1.6, ಸಹಜ ಹೆರಿಗೆಗೆ ಬಿಟ್ಟ ಗುಂಪಲ್ಲಿ 5. ಜಗತ್ತೆಲ್ಲ ಸಿಸೇರಿಯನ್ ಕಡೆ ವಾಲಿತು. 2004ರಲ್ಲಿ ಎರಡು ವರ್ಷ ತುಂಬಿದ ಮಕ್ಕಳನ್ನ ನೋಡಿದಾಗ ಸಾವು, ಬೆಳವಣಿಗೆಯ ಕುಂದು ಎರಡರಲ್ಲೂ ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಆಯ್ಕೆ ಮಾಡಿದ ರೀತಿ ಸಡಿಲ, ಹೆರಿಗೆ ಮಾಡಿಸಿದವರ ಅನುಭವ ಒಂದೇ ಮಟ್ಟದ್ದಲ್ಲ ಅಂತ ಟೀಕೆಯೂ ಬಂತು. ಅಷ್ಟರಲ್ಲಿ ಬ್ರೀಚ್ ಹೆರಿಗೆ ಕಲಿಸೋ ಕೈಗಳೇ ಕಡಿಮೆ ಆಗಿದ್ವು. ಈಗ ನಿಜವಾದ ಸಮಸ್ಯೆ ಅದು.

ರಾತ್ರಿಪಾಳಿ
ಏನು ಕೆಡುತ್ತೆ ಅಂತಲೂ ಬರೀರಿ. ಬ್ರೀಚ್‌ನಲ್ಲಿ ದೊಡ್ಡ ಭಾಗ ಕೊನೆಗೆ ಬರುತ್ತೆ. ತಲೆ ಮೊದಲಾದ್ರೆ ಗಂಟೆಗಟ್ಟಲೆ ದಾರಿಗೆ ಹೊಂದಿಕೊಂಡು ಬುರುಡೆ ರೂಪ ಬದಲಿಸುತ್ತೆ, ಇಲ್ಲಿ ಆ ಹೊತ್ತೇ ಇಲ್ಲ. ಮೈ ಬಂದು ತಲೆ ಸಿಕ್ಕಿಕೊಂಡ್ರೆ ಬಳ್ಳಿ ಒತ್ತಿರುತ್ತೆ, ನಿಮಿಷಗಳ ಲೆಕ್ಕ. ಗಾಬರಿಯಿಂದ ಎಳೆದ್ರೆ ಮಗುವಿನ ಕೈ ತಲೆಯ ಹಿಂದೆ ಹೋಗುತ್ತೆ, ಕತ್ತು ಮೇಲಕ್ಕೆ ಎತ್ತಿಕೊಳ್ಳುತ್ತೆ, ಇನ್ನೂ ಸಿಕ್ಕಿಕೊಳ್ಳುತ್ತೆ. ಅದಕ್ಕೇ ಬಲ್ಲವರು ಕೈ ಕಟ್ಟಿಕೊಂಡು ಕಾಯ್ತಾರೆ, ಬೇಕಾದಲ್ಲಿ ಮಾತ್ರ ಮುಟ್ತಾರೆ.

ಸಿಸೇರಿಯನ್ ನಿಗದಿ ಆದ್ರೆ 39 ವಾರಕ್ಕೆ. ಅವತ್ತು ಬೆಳಿಗ್ಗೆ ಮತ್ತೆ ಸ್ಕ್ಯಾನ್ ಮಾಡಿಸಿ. ಕೊನೇ ವಾರದಲ್ಲೂ ಕೆಲವು ತಿರುಗಿರ್ತವೆ.

ಹಳೆಬೇರು
ಅಡ್ಡ ಮಗು ಬಗ್ಗೆ ಯಾರೂ ಹೇಳಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಸಿಕ್ಕಿಕೊಂಡ ಗರ್ಭಕ್ಕೆ ಕೀಲ, ಪ್ರತಿಖುರ, ಬೀಜಕ, ಪರಿಘ ಅಂತ ನಾಲ್ಕು ಹೆಸರು. ಪರಿಘ ಅಂದ್ರೆ ಬಾಗಿಲಿಗೆ ಅಡ್ಡ ಹಾಕೋ ಅಗುಳಿ. ಇದಾದ್ರೂ ಒಪ್ತೀರಾ?

ರಾತ್ರಿಪಾಳಿ
ನೂರಕ್ಕೆ ನೂರು ಒಪ್ಪಿದೆ. ಅಗುಳಿ ತೆಗೆಯದೆ ಬಾಗಿಲು ತೆರೆಯಲ್ಲ, ಅಡ್ಡ ಮಗು ಸಹಜವಾಗಿ ಹುಟ್ಟಲ್ಲ. ದಿನ ತುಂಬಿದಾಗ ಮುನ್ನೂರರಲ್ಲೊಂದು. ಹಲವು ಹೆರಿಗೆ ಆಗಿ ಹೊಟ್ಟೆಯ ಸ್ನಾಯು ಸಡಿಲ ಆದವರಲ್ಲಿ, ನೀರು ಹೆಚ್ಚಿರೋರಲ್ಲಿ ಜಾಸ್ತಿ. 37 ದಾಟಿಯೂ ಮಗು ಇವತ್ತು ಅಡ್ಡ, ನಾಳೆ ಉದ್ದ ಅಂತ ಆಡ್ತಿದ್ರೆ ಆಸ್ಪತ್ರೆಯಲ್ಲೇ ಇರಿ ಅಂತಾರೆ. ಕಾರಣ, ಬಾಗಿಲಿಗೆ ತಲೆಯ ಬಿರಡೆ ಇಲ್ಲ, ನೀರು ಒಡೆದ್ರೆ ಬಳ್ಳಿ ಜಾರಿ ಹೊರಗೆ ಬರುತ್ತೆ. ಫುಟ್‌ಲಿಂಗ್‌ನಲ್ಲೂ ಇದೇ ಭಯ.

ಮನೇಲಿ ಹಾಗಾದ್ರೆ 108ಕ್ಕೆ ಕರೆ. ಓಡಾಡಬಾರದು. ಮಂಡಿಯೂರಿ ಎದೆ ನೆಲಕ್ಕೆ, ಕುಂಡೆ ಮೇಲೆ. ಗಾಡಿಯಲ್ಲಿ ಎಡಮಗ್ಗುಲಿಗೆ ಮಲಗಿ ಸೊಂಟದ ಕೆಳಗೆ ದಿಂಬು. ಹೊರಗೆ ಕಂಡ ಬಳ್ಳಿಯನ್ನ ಒಳಗೆ ತುರುಕಬೇಡಿ, ಪದೇ ಪದೇ ಮುಟ್ಟಬೇಡಿ. ಯೋಗನಿದ್ರೆಯವರ ಭಂಗಿ ನಿಜವಾಗಿ ಉಪಯೋಗಕ್ಕೆ ಬರೋದು ಇಲ್ಲಿ.

ಯೋಗನಿದ್ರೆ
ಕೊನೆಗೂ 🙏

ಮಕ್ಕಳವಾರ್ಡ್
ಪಟ್ಟಿ ವಿಷಯ ಬಾಕಿ ಇತ್ತು. 36 ವಾರದ ಮೇಲೂ ಬ್ರೀಚ್ ಇದ್ದ ಮಗುವಿಗೆ, ಆಮೇಲೆ ತಿರುಗಿ ತಲೆ ಮುಂದಾಗಿ ಹುಟ್ಟಿದ್ರೂ, ಸಿಸೇರಿಯನ್ ಆಗಿದ್ರೂ, ಸೊಂಟದ ಕೀಲು ಸರಿಯಾಗಿ ಕೂತಿದೆಯಾ ಅಂತ ಆರು ವಾರದ ಹೊತ್ತಿಗೆ ಅಲ್ಟ್ರಾಸೌಂಡ್ ಮಾಡಿಸಿ. ಹುಟ್ಟಿದ ದಿನ ಕೈಯಲ್ಲಿ ನೋಡಿ 'ಸರಿಯಿದೆ' ಅಂದಿದ್ದು ಸಾಲದು. ಬೇಗ ಸಿಕ್ಕಿದ್ರೆ ಪಾವ್ಲಿಕ್ ಪಟ್ಟಿಯಲ್ಲೇ ಸರಿಹೋಗೋ ಸಾಧ್ಯತೆ ಹೆಚ್ಚು. ನಡೆಯೋಕೆ ಶುರುಮಾಡಿ ಕುಂಟಿದಾಗ ಗೊತ್ತಾದ್ರೆ ಆಪರೇಷನ್. ಕಾಲೆರಡನ್ನೂ ನೆಟ್ಟಗೆ ಜೋಡಿಸಿ ಬಟ್ಟೆ ಬಿಗಿ ಸುತ್ತೋದು ಬೇಡ. ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳೋ ನಮ್ಮ ಅಭ್ಯಾಸ ಕೀಲಿಗೆ ಒಳ್ಳೇದು.

ಕಡಲತಡಿ
ಕಾಲು ಮುಂದಾಗಿ ಹುಟ್ಟಿದವರ ಹತ್ರ ಬೆನ್ನು ತುಳಿಸಿಕೊಂಡ್ರೆ ಉಳುಕು ಹೋಗ್ತದೆ ಅಂತಾರಲ್ಲ. ಈಗ ಎಲ್ಲ ಸಿಸೇರಿಯನ್. ಉಳುಕಿದವರ ಗತಿ ಏನು?

ಗೋಡೆಬರಹ
ಎಲ್ಲರಿಗೂ ಥ್ಯಾಂಕ್ಸ್. ಉಳುಕಿನದ್ದು ಬಿಟ್ಟು ಬಾಕಿ ತಗೊಂಡೆ. ಹೊಸ ಕರಡು:

"ಮಗು ತಿರುಗಲು ಇಂಥದ್ದೇ ತಿಂಗಳು ಅಂತಿಲ್ಲ. 28 ವಾರಕ್ಕೆ ನಾಲ್ಕೈದರಲ್ಲಿ ಒಂದು ಮಗು ಕುಂಡೆ ಕೆಳಗಿರುತ್ತದೆ, ಬಹುಪಾಲು ತಾವಾಗಿಯೇ ತಿರುಗುತ್ತವೆ. 36ನೇ ವಾರದಲ್ಲಿ ಮಗುವಿನ ಭಂಗಿ ತಪ್ಪದೆ ನೋಡಿಸಿ. ತಿರುಗಿರದಿದ್ದರೆ ವೈದ್ಯರ ಹತ್ತಿರ ಇಸಿವಿ ಬಗ್ಗೆ ಕೇಳಿ. ಮನೆಯಲ್ಲಿ ಹೊಟ್ಟೆ ನೀವಿ ತಿರುಗಿಸಬೇಡಿ. ಮಗು ಅಡ್ಡ ಇದ್ದು ನೀರು ಒಡೆದರೆ ಕಾಯಬೇಡಿ, 108. ಮಗುವಿನ ಆಟ ಯಾವ ವಾರದಲ್ಲಿ ಕಡಿಮೆಯಾದರೂ ಅದೇ ದಿನ ಬನ್ನಿ."

ಬಸಿರುಬರಹ
ಚೆನ್ನಾಗಿದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತೆ, ಅದನ್ನೂ ಸೇರಿಸಿ. 36ನೇ ವಾರಕ್ಕೆ ಹತ್ತಿರದ 9 ಯಾವುದು ಅಂತ ಆಶಾ ಕಾರ್ಯಕರ್ತೆ ಕಾರ್ಡಿನ ಮೇಲೇ ಬರೆದುಕೊಟ್ರೆ ನೆನಪಿರುತ್ತೆ.

ಸ್ಕ್ಯಾನ್‌ರೂಮ್
ಚಿತ್ರದಲ್ಲಿ ತಪ್ಪಿದೆ. ಮಗುವಿನ ಬೆನ್ನು ತಾಯಿಯ ಬಲಕ್ಕೆ ಬರೆದು 'ಎಡ' ಅಂತ ಗುರುತು ಹಾಕಿದ್ದೀರಿ. ಎಡ-ಬಲ ತಾಯಿಯದ್ದು, ನೋಡೋರದ್ದಲ್ಲ.

ಗೋಡೆಬರಹ
ಅಯ್ಯೋ, ಇನ್ನೂರು ಪ್ರತಿ ಪ್ರಿಂಟಿಗೆ ಹೋಗಿದೆ. ಫೋನ್ ಮಾಡಿ ನಿಲ್ಲಿಸ್ತೀನಿ ಇರಿ.